ಮೂರು ಬಡಿತ

ಕಂಪ್ಲಿ
೧೨ ಜನವರಿ ೨೦೨೫, ಭಾನುವಾರ

ಲಿಂಗ್ಯಾ,

ಅಕ್ಷರ ನೋಡಿ ಇದು ಯಾವ ಕೂಸಿನ ಪತ್ರ ಎಂದು ಗಾಬರಿಯಾಗಬೇಡ. ಎಡಗೈಯಲ್ಲಿ ಬರೆಯುತ್ತಿದ್ದೇನೆ. ಒಂದು ಪುಟಕ್ಕೆ ಎರಡು ದಿನ ಹಿಡಿಯುತ್ತದೆ. ಹೊಸಪೇಟೆಯ ಆಸ್ಪತ್ರೆಯಲ್ಲಿ ನನಗೆ ಕೈಯ ಅಭ್ಯಾಸ ಮಾಡಿಸುವ ಶಿಲ್ಪಶ್ರೀ ಮೇಡಂ, "ವಾರಕ್ಕೊಂದು ಪತ್ರ ಬರೀರಿ, ಕೈಗೂ ಒಳ್ಳೇದು, ತಲಿಗೂ ಒಳ್ಳೇದು" ಎಂದರು. ಯಾರಿಗೆ ಬರೀತೀರಿ ಎಂದಾಗ ನಿನ್ನ ಹೆಸರೇ ಬಾಯಿಗೆ ಬಂತು. ಹನ್ನೊಂದು ವರ್ಷ ನನ್ನ ಡಬ್ಬಿಯ ಚಟ್ನಿ ತಿಂದವನು ನೀನು, ಈಗ ನನ್ನ ಅಕ್ಷರವನ್ನೂ ಸಹಿಸಿಕೋ. ಫೋನು ಬೇಡ. ಫೋನಿನಲ್ಲಿ ಎದುರಿನವರು ಮೂರನೇ ಮಾತಿಗೆ ಬರುವಷ್ಟರಲ್ಲಿ ಮೊದಲನೆಯದು ನನ್ನಿಂದ ಜಾರಿರುತ್ತದೆ. ಕಾಗದವಾದರೆ ಮತ್ತೆ ಮತ್ತೆ ಓದಬಹುದು.

ಎದುರಿನವರಿಗೆ ಗೊತ್ತಿರುವುದನ್ನೂ ಕ್ರಮವಾಗಿ ಬರೆಯಬೇಕಂತೆ, ನನಗೆ ತಪ್ಪುವುದೇ ಕ್ರಮ. ಹಾಗಾಗಿ ಬರೆಯುತ್ತೇನೆ. ಸೆಪ್ಟೆಂಬರ್ ಹದಿನೆಂಟು, ಬುಧವಾರ, ಬೆಳಗಿನ ಶಿಫ್ಟು. ಅದಿರು ಸಾಗಿಸುವ ನಾಲ್ಕನೇ ಬೆಲ್ಟನ್ನು ನಿಲ್ಲಿಸಿ ರೋಲರ್ ಬಿಗಿ ಮಾಡುವ ಕೆಲಸ. ನಾನು ಬೆಲ್ಟಿನ ಕೆಳಗೆ, ನೀನು ಆಚೆ ಸ್ವಿಚ್ಚಿನ ಹತ್ತಿರ. ಸ್ವಿಚ್ಚಿಗೆ ಬೀಗ, ಅದರ ಕೀಲಿ ನಿನ್ನ ಜೇಬಿನಲ್ಲಿ. ನಾನು ಕೆಲಸ ಮುಗಿಸಿ ಹೊರಗೆ ಬಂದು ಸ್ಪ್ಯಾನರಿನಿಂದ ಕಬ್ಬಿಣದ ಕಂಬಕ್ಕೆ ಮೂರು ಸಲ ಬಡಿಯಬೇಕು, ಆಮೇಲೆ ನೀನು ಬೀಗ ತೆಗೆಯಬೇಕು. ಅದು ನಮ್ಮಿಬ್ಬರ ಪದ್ಧತಿ. ಅವತ್ತು ಬೆಲ್ಟು ತಿರುಗಿತು, ನನ್ನ ಬಲಗೈ ಮೊಣಕೈ ಕೆಳಗೆ ಹೋಯಿತು. ಇಷ್ಟು ಸರಿಯಾಗಿ ಬರೆದಿದ್ದೇನೆ ಅಂದುಕೊಳ್ಳುತ್ತೇನೆ.

ತಲೆಗೆ ಏನೂ ಆಗಿಲ್ಲ, ಸ್ಕ್ಯಾನ್ ಮಾಡಿ ನೋಡಿದ್ದಾರೆ. ಆದರೂ ಅಂಗಡಿಗೆ ಹೋದರೆ ಏನು ತರಲು ಬಂದೆ ಎಂಬುದು ಮರೆತು ನಿಲ್ಲುತ್ತೇನೆ. ಕೈ ಹೋದವರಲ್ಲಿ ಕೆಲವರಿಗೆ ಹೀಗಾಗುವುದುಂಟು ಎನ್ನುತ್ತಾರೆ ಮೇಡಂ. ನೋವು, ಕೆಟ್ಟ ನಿದ್ದೆ, ಆ ದಿನದ ಹೆದರಿಕೆ, ಅಂಗಿಯ ಗುಂಡಿ ಹಾಕುವುದನ್ನೂ ಹೊಸದಾಗಿ ಯೋಚಿಸಿ ಮಾಡಬೇಕಾದ ಕಷ್ಟ, ಎಲ್ಲ ಸೇರಿ ಗಮನವನ್ನು ತಿಂದುಬಿಡುತ್ತವಂತೆ. ಅವರ ಹತ್ತಿರ ಕೈಗಳ ಚಿತ್ರವಿರುವ ಕಾರ್ಡುಗಳಿವೆ. ಇದು ಎಡವೋ ಬಲವೋ ಎಂದು ಹೇಳಬೇಕು. ಎಡಗೈ ತೋರಿಸಿದರೆ ತಟ್ಟನೆ ಹೇಳುತ್ತೇನೆ. ಬಲಗೈ ತೋರಿಸಿದರೆ ಬಹಳ ಹೊತ್ತು ಕೂರುತ್ತೇನೆ.

ಈಗ ನಿನಗೊಂದು ಪ್ರಶ್ನೆ. ಕಾರ್ಖಾನೆಯ ತನಿಖೆಯ ಕಡತದಲ್ಲಿ, ನಾನು ಮೂರು ಸಲ ಬಡಿದು, ನೀನು ಬೀಗ ತೆಗೆದ ಮೇಲೆ, ಒಳಗೆ ಉಳಿದ ಬಟ್ಟೆಯ ಚೂರನ್ನು ತೆಗೆಯಲು ಮತ್ತೆ ಬರಿಗೈ ಹಾಕಿದೆ ಎಂದಿದೆ. ನನಗೆ ಬಡಿದ ನೆನಪೇ ಇಲ್ಲ. ನಾನು ಬಡಿದೆನೇನೋ?

ಎಡಗೈ ಫಿಟ್ಟರ್,
ಮಾರೇಶ್


ಕುರೆಕುಪ್ಪ
೨ ಫೆಬ್ರುವರಿ ೨೦೨೫

ಮಾರೇಶ,

ಪತ್ರ ಬಂದು ಎರಡು ವಾರವಾಯಿತು. ಶಿಫ್ಟಿನ ಮೇಲೆ ಶಿಫ್ಟು, ಬರೆಯಲು ಆಗಲಿಲ್ಲ. ನಿನ್ನ ಅಕ್ಷರ ಚೆನ್ನಾಗಿಯೇ ಇದೆ. ಬಲಗೈಯಲ್ಲಿ ಬರೆಯುತ್ತಿದ್ದಾಗಲೂ ನಿನ್ನ ರಜೆ ಅರ್ಜಿಯನ್ನು ಯಾರೂ ಓದಲು ಆಗುತ್ತಿರಲಿಲ್ಲ.

ಇಲ್ಲಿ ಎಲ್ಲ ಹಾಗೇ ಇದೆ. ಸೂಪರ್‌ವೈಸರ್ ಕೊಟ್ರಯ್ಯ ಈಗ ಬೀಗದ ವಿಷಯದಲ್ಲಿ ಭಾರಿ ಬಿಗಿ. ಎಲ್ಲರಿಗೂ ಹೆಸರು ಕೊರೆಸಿದ ಹೊಸ ಬೀಗ ಕೊಟ್ಟಿದ್ದಾರೆ. ಒಬ್ಬೊಬ್ಬರೂ ತಮ್ಮ ಬೀಗವನ್ನೇ ಹಾಕಬೇಕು, ತಮ್ಮ ಕೀಲಿ ತಮ್ಮ ಹತ್ತಿರವೇ ಇರಬೇಕು. ಮೊದಲೂ ಅದೇ ನಿಯಮವಿತ್ತಲ್ಲ. ನಮ್ಮ ಎರಡು ಬೀಗಗಳಲ್ಲಿ ಒಂದನ್ನು ನಾವು ಊಟದ ಕಪಾಟಿಗೆ ಹಾಕಿದ್ದು ನಿನಗೆ ನೆನಪಿರಬೇಕು, ಕೋತಿಗಳು ಡಬ್ಬಿ ಎತ್ತಿಕೊಂಡು ಹೋಗುತ್ತಿದ್ದವಲ್ಲ. ಆ ಬೀಗ ಇನ್ನೂ ಅಲ್ಲೇ ಇದೆ. ಕೋತಿಗಳು ಬರುತ್ತವೆ, ಜಗ್ಗಿ ನೋಡುತ್ತವೆ, ಹೋಗುತ್ತವೆ.

ನೀನು ಕೇಳಿದ ವಿಷಯ. ಆದದ್ದು ಆಗಿಹೋಯಿತು. ಈಗ ಅದನ್ನೇ ಕೆದಕುತ್ತಾ ಕೂತರೆ ತಲೆ ಇನ್ನಷ್ಟು ಕೆಡುತ್ತದೆ. ಹೊಟ್ಟೆ ತುಂಬ ಉಣ್ಣು, ಔಷಧಿ ಬಿಡಬೇಡ. ಕಂಪ್ಲಿ ಕಡೆ ಬರುವ ಕಾಳಪ್ಪನ ಕೈಯಲ್ಲಿ ಒಂದು ಗೊನೆ ಬಾಳೆಹಣ್ಣು ಕಳಿಸಿದ್ದೇನೆ.

ನಿನ್ನ
ಲಿಂಗರಾಜ್


ಕಂಪ್ಲಿ
೧೬ ಫೆಬ್ರುವರಿ ೨೦೨೫

ಲಿಂಗ್ಯಾ,

ಹಣ್ಣು ಬಂತು. ಉತ್ತರ ಬರಲಿಲ್ಲ. ಅಡ್ಡಗೋಡೆಯ ಮೇಲೆ ದೀಪ ಇಡುವುದನ್ನು ಯಾವಾಗ ಕಲಿತೆ? ಮೊದಲೆಲ್ಲ ಮುಖಕ್ಕೆ ಹೊಡೆದಂತೆ ಹೇಳುತ್ತಿದ್ದೆ.

ಇಲ್ಲಿ ಅಕ್ಕಿ ಗಿರಣಿಯ ತೋಟಪ್ಪನವರು ಕೆಲಸ ಕೊಡುತ್ತೇನೆ ಎಂದರು. ಗೇಟಿನಲ್ಲಿ ಕೂತು ಲಾರಿಯ ನಂಬರ್, ಚೀಲದ ಲೆಕ್ಕ ಬರೆಯುವುದು. ಒಂದು ದಿನ ಹೋಗಿ ಕೂತೆ. ಹಮಾಲರು ಚೀಲ ಇಳಿಸುತ್ತಿದ್ದರು, ನಾನು ಎಣಿಸುತ್ತಿದ್ದೆ. ನಲವತ್ತರ ಹತ್ತಿರ ಯಾರೋ ಟೈಂ ಎಷ್ಟಾಯಿತು ಎಂದು ಕೇಳಿದರು. ಟೈಂ ಹೇಳಿದೆ, ಎಣಿಕೆ ಹೋಯಿತು. ಮತ್ತೆ ಮೊದಲಿಂದ ಇಳಿಸಿ ಎಂದು ಹಮಾಲರಿಗೆ ಹೇಳಲಾಗುತ್ತದೆಯೇ? ತೋಟಪ್ಪನವರು ಒಳ್ಳೆಯವರು. "ಇರ್ಲಿ ಬಿಡಪ, ರೂಢಿ ಆಗ್ತದ. ಗೀಟು ಹಾಕ್ಕೊಂತ ಎಣಿಸು" ಎಂದರು. ನಾಚಿಕೆಯಾಗಿ ಮರುದಿನ ಹೋಗಲಿಲ್ಲ.

ಇನ್ನೊಂದನ್ನು ನಿನಗೆ ಮಾತ್ರ ಹೇಳುತ್ತೇನೆ. ಚಂದ್ರಕಲಾಗೆ ಹೇಳಿದರೆ ಹೆದರುತ್ತಾಳೆ. ಆ ಹೋದ ಕೈ ಇನ್ನೂ ಇದೆ ಅನಿಸುತ್ತದೆ. ಅದೂ ಸುಮ್ಮನಿಲ್ಲ, ಬಿಗಿಯಾಗಿ ಮುಷ್ಟಿ ಕಟ್ಟಿಕೊಂಡಿದೆ. ಮುಷ್ಟಿಯಲ್ಲಿ ಇಪ್ಪತ್ನಾಲ್ಕರ ಸ್ಪ್ಯಾನರ್ ಇದೆ. ಅದರ ಹಿಡಿಯಲ್ಲಿ ನಾನು ಗರಗಸದಿಂದ ಕೊರೆದ ಗುರುತು ಕೂಡ ಬೆರಳಿಗೆ ಒತ್ತುತ್ತದೆ. ಮೇಡಂಗೆ ಹೇಳಿದೆ. ಹೋದ ಕೈ ಕೊನೆಗೆ ಹೇಗಿತ್ತೋ ಹಾಗೇ ಉಳಿದಂತೆ ಕೆಲವರಿಗೆ ಅನಿಸುವುದುಂಟು, ಎಲ್ಲರಿಗೂ ಹಾಗಲ್ಲ ಎಂದರು.

ನೀನೇ ಹೇಳು. ಬಡಿದಾದ ಮೇಲೆ ಸ್ಪ್ಯಾನರ್ ಹಿಂದಿನ ಜೇಬಿಗೆ ಹೋಗುತ್ತಿತ್ತು, ಹನ್ನೊಂದು ವರ್ಷದ ರೂಢಿ. ನಾನು ಬಡಿದು, ಬರಿಗೈ ಒಳಗೆ ಹಾಕಿದ್ದು ನಿಜವಾದರೆ ಈ ಕೈ ಏನನ್ನು ಹಿಡಿದುಕೊಂಡಿದೆ? ಎಣಿಸಲು ಬಾರದ ತಲೆಯ ಮಾತು ನಂಬಲೋ, ಇಲ್ಲದ ಕೈಯ ಮಾತು ನಂಬಲೋ ತಿಳಿಯುತ್ತಿಲ್ಲ.

ಮಾರೇಶ್


ಕಂಪ್ಲಿ
೯ ಮಾರ್ಚ್ ೨೦೨೫

ಲಿಂಗರಾಜಣ್ಣನಿಗೆ ಚಂದ್ರಕಲಾ ಮಾಡುವ ನಮಸ್ಕಾರಗಳು.

ಈ ಪತ್ರ ಬರೆದದ್ದು ನಿಮ್ಮ ಸ್ನೇಹಿತರಿಗೆ ಗೊತ್ತಿಲ್ಲ. ಅವರು ಮಲಗಿದ್ದಾರೆ, ಮಗಳನ್ನು ನಮ್ಮವ್ವ ಆಡಿಸುತ್ತಿದ್ದಾಳೆ. ಮಗಳ ಹತ್ತಿರ ಒಬ್ಬರೇ ಇರಲು ಅವರು ಒಪ್ಪುವುದಿಲ್ಲ. "ನಾನು ಏನ್ ಮಾಡ್ತೀನೋ ನನಗ ಗೊತ್ತಿರಂಗಿಲ್ಲ. ಕೂಸಿನ್ನ ನನ್ನ ಕೈಯಾಗ ಕೊಡಬ್ಯಾಡ" ಎನ್ನುತ್ತಾರೆ. ಒಲೆಯ ಮೇಲೆ ಹಾಲಿಟ್ಟು ಒಂದು ಸಲ ಮರೆತರು, ಪಾತ್ರೆ ಸುಟ್ಟಿತು, ಅಷ್ಟೇ. ಹಾಲು ಉಕ್ಕಿಸದ ಮನೆ ಯಾವುದಿದೆ ಅಣ್ಣ? ಆದರೆ ಅವರು ಅವತ್ತಿನಿಂದ ಅಡುಗೆ ಮನೆಗೇ ಬಂದಿಲ್ಲ. ಬಾಗಿಲು ಹಾಕಿದೆನೇ ಎಂದು ಬೀದಿಯ ತುದಿಯಿಂದ ವಾಪಸ್ ಬಂದು ನೋಡುತ್ತಾರೆ, ಮತ್ತೆ ಹೋಗಿ ಮತ್ತೆ ಬರುತ್ತಾರೆ.

ನಾನೂ ತಪ್ಪು ಮಾಡಿದ್ದೇನೆ. ನವೆಂಬರಿನಲ್ಲಿ ಒಂದು ದಿನ ಸಾಕಾಗಿ, "ಪೆಟ್ಟು ಬಿದ್ದಿದ್ದು ಕೈಗೆ, ತಲಿಗಲ್ಲ. ಎದಕ್ಕ ನಾಟಕ ಮಾಡ್ತೀರಿ?" ಎಂದುಬಿಟ್ಟೆ. ಆಮೇಲೆ ಆಸ್ಪತ್ರೆಯಲ್ಲಿ ಪರೀಕ್ಷೆ ಮಾಡಿ, ಇದು ನಾಟಕವಲ್ಲ, ಸೋಮಾರಿತನವೂ ಅಲ್ಲ ಎಂದು ಶಿಲ್ಪಶ್ರೀ ಮೇಡಂ ಹೇಳಿದಾಗ ನನಗೆ ನೆಲವೇ ಬಿರಿದು ನುಂಗಬಾರದೇ ಅನಿಸಿತು. ಆಡಿದ ಮಾತು ವಾಪಸ್ ಬರುವುದಿಲ್ಲ. ಈಗಲೂ ಅವರು ಏನಾದರೂ ಮರೆತಾಗ ಮೊದಲು ನನ್ನ ಮುಖ ನೋಡುತ್ತಾರೆ.

ಏಪ್ರಿಲ್ ಏಳಕ್ಕೆ ಕಾರ್ಖಾನೆಗೆ ಬರಲು ಹೇಳಿದ್ದಾರೆ. ತಪ್ಪು ನನ್ನದೇ ಎಂಬ ಹೇಳಿಕೆಗೆ ಇವರು ಸಹಿ ಹಾಕಿದರೆ ತನಿಖೆ ಮುಗಿಯುತ್ತದಂತೆ. ಗಾಯಾಳುವಿನ ನೆನಪು ನಂಬಲು ಯೋಗ್ಯವಲ್ಲ ಎಂದು ಅದರಲ್ಲಿ ಒಂದು ಸಾಲಿದೆ. ಆ ಸಾಲನ್ನು ಓದಿಕೊಂಡು ಕೂರುತ್ತಾರೆ. ಬಡಿದೆನೋ ಇಲ್ಲವೋ, ಬಡಿದೆನೋ ಇಲ್ಲವೋ, ಇದೇ ಜಪ. ಅಣ್ಣ, ಅಲ್ಲಿದ್ದವರು ನೀವೊಬ್ಬರೇ. ಏನಾಗಿತ್ತೋ ಅದನ್ನು ಒಂದು ಸಲ ಖಚಿತವಾಗಿ ಬರೆಯಿರಿ. ಅವರು ನಿಮ್ಮನ್ನು ನಂಬುವಷ್ಟು ತಮ್ಮನ್ನೇ ನಂಬುವುದಿಲ್ಲ.

ನಿಮ್ಮ ತಂಗಿ,
ಚಂದ್ರಕಲಾ


ಕುರೆಕುಪ್ಪ
೧೬ ಮಾರ್ಚ್ ೨೦೨೫

ಮಾರೇಶ,

ನೀನು ಎರಡು ಸಲ ಕೇಳಿದೆ, ನಾನು ಹೇಳಲಿಲ್ಲ. ನಿನಗೆ ನೋವಾಗುತ್ತದೆ ಎಂದು ಸುಮ್ಮನಿದ್ದೆ.

ನೀನು ಬಡಿದೆ. ಮೂರು ಸಲ. ನನ್ನ ಕಿವಿಯಾರೆ ಕೇಳಿದ್ದೇನೆ. ಆಮೇಲೆ ಯಾಕೆ ಕೈ ಹಾಕಿದೆಯೋ ನನಗೆ ಗೊತ್ತಿಲ್ಲ, ಬಟ್ಟೆಗಿಟ್ಟೆ ಇರಬೇಕು. ಸ್ಪ್ಯಾನರ್ ಹಿಡಿದಂತೆ ಅನಿಸುವುದು ಬರೀ ನರದ ಆಟ. ಅದನ್ನು ತಲೆಗೆ ಹಚ್ಚಿಕೊಳ್ಳಬೇಡ. ಏಳನೇ ತಾರೀಕು ಬಂದು ಸಹಿ ಮಾಡಿಬಿಡು. ಎಲ್ಲರಿಗೂ ನೆಮ್ಮದಿ.

ಲಿಂಗರಾಜ್


ಕಂಪ್ಲಿ
೨೭ ಮಾರ್ಚ್ ೨೦೨೫

ಲಿಂಗರಾಜ್,

ನಿನ್ನ ಪತ್ರಕ್ಕೆ ಬಹಳ ಉಪಕಾರ. ಒಂದು ಕಡೆ ನಿಂತಂತಾಯಿತು. ಬಡಿದವನೂ ನಾನೇ, ಕೈ ಹಾಕಿದವನೂ ನಾನೇ. ಇಷ್ಟು ದಿನ ಒಳಗೊಳಗೇ ನಿನ್ನ ಮೇಲೆ ಒಂದು ಸಣ್ಣ ಅನುಮಾನವಿತ್ತು. ಅದಕ್ಕೆ ಕ್ಷಮೆ ಕೇಳುತ್ತೇನೆ. ಗೆಳೆಯನ ಮೇಲೆ ಅನುಮಾನ ಪಡುವ ತಲೆ ಇದ್ದರೆಷ್ಟು ಬಿಟ್ಟರೆಷ್ಟು.

ನಿನ್ನ ಪತ್ರವನ್ನು ಹಾಸಿಗೆಯ ಪಕ್ಕದ ಗೋಡೆಗೆ ಅನ್ನದಿಂದ ಅಂಟಿಸಿದ್ದೇನೆ. ಸ್ಪ್ಯಾನರ್ ಹಿಡಿದಿದ್ದೇನೆ ಎಂದು ಕೈ ಹೇಳಿದಾಗಲೆಲ್ಲ ಅದನ್ನು ಓದುತ್ತೇನೆ. "ನೀನು ಬಡಿದೆ. ಮೂರು ಸಲ." ಕೈ ಕೇಳುವುದಿಲ್ಲ, ಆದರೂ ಓದುತ್ತೇನೆ.

ಶಿಲ್ಪಶ್ರೀ ಮೇಡಂ ಜೊತೆ ಜಗಳವಾಯಿತು. ಅವರು, "ಹೊಸ ವಿಷಯ ಹಿಡಿದಿಟ್ಕೊಳ್ಳೋದು ನಿಮಗ ಕಷ್ಟ ಆಗ್ಯದ, ಗಮನ ಜಾರ್ತದ. ಆದ್ರ ಹಳೇ ನೆನಪೆಲ್ಲ ಸುಳ್ಳು ಅಂತ ನಾನು ಎಂದೂ ಹೇಳಿಲ್ಲ" ಎಂದರು. ನಾನು ನಿನ್ನ ಪತ್ರದ ಮಾತು ಹೇಳಿದೆ. ಅಲ್ಲೇ ಇದ್ದವನು ಬರೆದಿದ್ದಾನೆ, ಇನ್ನು ನಿಮ್ಮ ಕಾರ್ಡುಗಳ ಪರೀಕ್ಷೆ ಯಾಕೆ ಎಂದೆ. ಅವರು ಕಾರ್ಡುಗಳನ್ನು ಎತ್ತಿಟ್ಟರು. ಈ ವಾರದಿಂದ ಅಲ್ಲಿಗೆ ಹೋಗುತ್ತಿಲ್ಲ. ತೋಟಪ್ಪನವರು ಮತ್ತೆ ಹೇಳಿ ಕಳಿಸಿದ್ದರು, ಅವರಿಗೂ ಆಗುವುದಿಲ್ಲ ಎಂದೆ. ಬಡಿದು ಹೊರಗೆ ಬಂದೆ ಎಂದು ಸಾರಿ ಮತ್ತೆ ತಿರುಗುವ ಬೆಲ್ಟಿಗೆ ಕೈ ಕೊಟ್ಟವನು, ಅದೂ ಮರೆತವನು, ನಾಳೆ ಯಾವ ಲಾರಿಯ ಕೆಳಗೆ ಯಾರನ್ನು ಕಳಿಸುತ್ತಾನೋ ಯಾರು ಕಂಡರು?

ದಿನಾ ಸಹಿಯ ಅಭ್ಯಾಸ ಮಾಡುತ್ತಿದ್ದೇನೆ. "ಮಾ" ಚೆನ್ನಾಗಿ ಬರುತ್ತದೆ, "ರೇ" ಸೊಟ್ಟಗಾಗುತ್ತದೆ. ಏಳನೇ ತಾರೀಕಿನ ಹೊತ್ತಿಗೆ ಸರಿಯಾಗುತ್ತದೆ. ಇನ್ನು ಪತ್ರ ಬರೆಯುವುದಿಲ್ಲ. ಈ ಅಭ್ಯಾಸದಿಂದ ಏನಾಗಬೇಕಿದೆ?

ಮಾರೇಶ್


ಕುರೆಕುಪ್ಪ
೨ ಏಪ್ರಿಲ್ ೨೦೨೫

ಮಾರೇಶ,

ಇದನ್ನು ಸ್ಪೀಡ್ ಪೋಸ್ಟಿನಲ್ಲಿ ಕಳಿಸುತ್ತಿದ್ದೇನೆ, ಏಳಕ್ಕಿಂತ ಮುಂಚೆ ಸಿಗಲಿ ಎಂದು. ನಿಧಾನವಾಗಿ ಓದು. ಬೇಕಾದರೆ ಚಂದ್ರಕಲಾಳಿಂದ ಓದಿಸಿಕೊಂಡು ಕೇಳು.

ನೀನು ಬಡಿಯಲಿಲ್ಲ. ಒಂದು ಸಲವೂ ಬಡಿಯಲಿಲ್ಲ. ನಿನ್ನ ನೆನಪು ಸರಿ.

ಆಗ ಒಂದೂ ನಲವತ್ತಾಗಿತ್ತು. ಎರಡು ಗಂಟೆಗೆ ಶಿಫ್ಟಿನ ಬಸ್ಸು. ಅದು ತಪ್ಪಿದರೆ ಸಂಡೂರಿಗೆ, ಅವ್ವನ ಹತ್ತಿರ ಹೋಗಲು ಇನ್ನೊಂದು ತಾಸು ಕಾಯಬೇಕಿತ್ತು. ಕೊಟ್ರಯ್ಯ ಫೋನಿನಲ್ಲಿ, "ಆತಿಲ್ಲೇನ್ರಲೇ, ಜಲ್ದಿ ಚಾಲೂ ಮಾಡ್ರಿ" ಎಂದ. ಮಾರೇಶ ಇಷ್ಟು ಹೊತ್ತಿಗೆ ಹೊರಗೆ ಬಂದಿರುತ್ತಾನೆ ಅಂದುಕೊಂಡೆ. ಬಗ್ಗಿ ನೋಡಲಿಲ್ಲ, ಕೂಗಲಿಲ್ಲ. ಬೀಗ ತೆಗೆದೆ, ಸ್ವಿಚ್ ಒತ್ತಿದೆ. ನಿನ್ನ ಬೀಗವೂ ಅಲ್ಲಿದ್ದಿದ್ದರೆ ನನ್ನಿಂದ ಆಗುತ್ತಿರಲಿಲ್ಲ. ಅದು ಊಟದ ಕಪಾಟಿನ ಮೇಲಿತ್ತು.

ನಿನ್ನನ್ನು ಜೀಪಿಗೆ ಹಾಕಿ ಎಲ್ಲರೂ ಹೋದ ಮೇಲೆ ಬೆಲ್ಟಿನ ಕೆಳಗೆ ನಿನ್ನ ಸ್ಪ್ಯಾನರ್ ಬಿದ್ದಿತ್ತು. ಎತ್ತಿ ನನ್ನ ಚೀಲಕ್ಕೆ ಹಾಕಿಕೊಂಡೆ. ಯಾಕೆ ಎಂದು ಆಗ ನನಗೇ ಗೊತ್ತಿರಲಿಲ್ಲ, ಅಥವಾ ಗೊತ್ತಿತ್ತು. ಸಂಜೆ ಆಫೀಸಿನಲ್ಲಿ, "ಮೂರು ಬಡಿತ ಕೇಳಿಸಿತೇನು?" ಎಂದರು. "ಕೇಳಿಸ್ತ್ರಿ" ಎಂದೆ. "ಏನರ ತಗಿಯಾಕ ಮತ್ತ ಕೈ ಹಾಕಿರಬೇಕಲ್ಲ, ಬಟ್ಟಿ ಪಟ್ಟಿ?" ಎಂದರು. ಹೂಂ ಎಂದೆ. ನೀನು ಎಚ್ಚರವಾದ ಮೇಲೆ ಎಲ್ಲ ಬಯಲಾಗುತ್ತದೆ ಎಂದು ದಿನಾ ಕಾಯುತ್ತಿದ್ದೆ. ನೀನು ಬಡಿದಿಲ್ಲ ಎಂದೇ ಹೇಳಿದೆಯಂತೆ. ಅಷ್ಟರಲ್ಲಿ ನಿನಗೆ ಮರೆವು ಶುರುವಾಯಿತು, ನಿನ್ನ ಮಾತನ್ನು ಯಾರೂ ಹಿಡಿಯಲಿಲ್ಲ.

ಆ ಸುದ್ದಿ ಕೇಳಿದಾಗ ನನಗೆ ಏನಾಯಿತು ಎಂಬುದನ್ನೂ ಬರೆಯಬೇಕು. ಸಮಾಧಾನವಾಯಿತು. ನನ್ನ ಗೆಳೆಯನ ತಲೆ ಕೆಟ್ಟಿದೆ ಎಂದು ಕೇಳಿ, ಸದ್ಯ ಬದುಕಿದೆ ಅಂದುಕೊಂಡೆ. ಆಮೇಲೆ ನಿನ್ನ ಪತ್ರಗಳು ಬರತೊಡಗಿದವು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ, ನನ್ನದು ಅದೇ ಪಾಡು. ಸ್ಪ್ಯಾನರಿನ ಸಾಲು ಓದಿದಾಗ ಅದು ನನ್ನ ಮಂಚದ ಕೆಳಗೇ ಇತ್ತು. ಆದರೂ ಮಾರ್ಚಿನಲ್ಲಿ ಆ ಸುಳ್ಳು ಬರೆದೆ. ಚಂದ್ರಕಲಾ ಖಚಿತವಾಗಿ ಬರೆಯಿರಿ ಎಂದಿದ್ದಳು. ಖಚಿತವಾಗಿಯೇ ಸುಳ್ಳು ಬರೆದೆ.

ಯುಗಾದಿಗೆ ಸಂಡೂರಿಗೆ ಹೋಗುವಾಗ ನಿನ್ನ ಕೊನೆಯ ಪತ್ರ ಜೇಬಿನಲ್ಲಿತ್ತು. ಅವ್ವ ಬೇವು ಬೆಲ್ಲ ಕೊಡುತ್ತಾ, "ಮಾರೇಶ ಹೆಂಗದಾನೋ? ನಿಮ್ಮಿಬ್ಬರನ್ನೂ ಒಂದೇ ತಾಟಿಗೆ ಕುಂದ್ರಿಸಿ ಉಣಿಸೀನಿ ನಾನು" ಎಂದಳು. ನೀನು ಆ ಸುಳ್ಳನ್ನು ಗೋಡೆಗೆ ಅಂಟಿಸಿಕೊಂಡು ಓದುತ್ತಿದ್ದೀಯ ಎಂದು ಅವಳಿಗೆ ಹೇಗೆ ಹೇಳಲಿ? ಎಲ್ಲ ಹೇಳಿದೆ. ಅವ್ವ, "ಅವನ ಕೈ ನಿನ್ನ ಅವಸರಕ್ಕ ಹೋತು. ತಲಿ ಯಾಕ ತಗಂಡಿ?" ಎಂದಳು. ನಾನು ಊಟ ಬಿಟ್ಟು ಎದ್ದೆ.

ಇವತ್ತು ಬೆಳಿಗ್ಗೆ ಸುರಕ್ಷತಾ ಅಧಿಕಾರಿಯ ಮೇಜಿನ ಮೇಲೆ ಸ್ಪ್ಯಾನರ್ ಇಟ್ಟು, ನಡೆದದ್ದನ್ನೆಲ್ಲ ಬರೆದು ಸಹಿ ಹಾಕಿ ಕೊಟ್ಟಿದ್ದೇನೆ. ನನ್ನನ್ನು ಕೆಲಸದಿಂದ ನಿಲ್ಲಿಸಿದ್ದಾರೆ. ಮುಂದೆ ಏನಾಗುತ್ತದೋ ಆಗಲಿ. ನೀನು ಏಳನೇ ತಾರೀಕು ಸಹಿ ಹಾಕಬೇಡ. ಗೋಡೆಯ ಮೇಲಿನ ನನ್ನ ಪತ್ರ ಕಿತ್ತುಹಾಕು, ಅಲ್ಲಿ ಇದನ್ನು ಅಂಟಿಸು. ಮೇಡಂ ಹತ್ತಿರ ಮತ್ತೆ ಹೋಗು. ಕ್ಷಮಿಸು ಎಂದು ಕೇಳುವ ಮುಖ ನನಗಿಲ್ಲ. ಒಂದು ಸಲ ಬಂದು ನಿನ್ನ ಎದುರು ಕೂರಲೇ?

ಲಿಂಗರಾಜ್


ಕಂಪ್ಲಿ
೧೩ ಏಪ್ರಿಲ್ ೨೦೨೫, ಭಾನುವಾರ

ಲಿಂಗರಾಜ್,

ನಿನ್ನ ಪತ್ರ ನಾಲ್ಕನೇ ತಾರೀಕು ಶುಕ್ರವಾರವೇ ಬಂತು. ಮೂರು ಸಲ ಓದಿದೆ. ಚಂದ್ರಕಲಾ ಒಂದು ಸಲ ಓದಿ ಹಿತ್ತಲಿಗೆ ಹೋಗಿ ಕೂತಳು.

ಏಳನೇ ತಾರೀಕು ಕಾರ್ಖಾನೆಗೆ ಹೋದೆ. ನೀನು ಕೊಟ್ಟ ಹೇಳಿಕೆ ಅವರ ಎದುರಿಗಿತ್ತು. ಏನು ನಡೆಯಿತು ಹೇಳಿ ಎಂದರು. ನಿಧಾನವಾಗಿ, ಕ್ರಮವಾಗಿ ಹೇಳಿದೆ. ನಡುವೆ ಒಂದು ಸಲ ಎಳೆ ತಪ್ಪಿತು, ನೀರು ಕುಡಿದು ಮತ್ತೆ ಹಿಡಿದೆ. ನಾನು ಬಡಿದಿರಲಿಲ್ಲ, ಸ್ಪ್ಯಾನರ್ ನನ್ನ ಕೈಯಲ್ಲೇ ಇತ್ತು ಎಂದೆ. ಈ ಸಲ ಬರೆದುಕೊಂಡರು. ಅದರ ಕೆಳಗೆ ಸಹಿ ಹಾಕಿದೆ. "ರೇ" ಸೊಟ್ಟಗೇ ಬಂತು.

ಮರೆವು ಹೋಗಿಲ್ಲ. ನಿನ್ನೆ ಕೂಡ ಸಂತೆಯಲ್ಲಿ ಮೆಣಸಿನಕಾಯಿ ಬಿಟ್ಟು ಬಂದೆ. ಆದರೆ ಮರೆತದ್ದು ಮರೆತದ್ದು, ನೆನಪಿದ್ದದ್ದು ನೆನಪಿದ್ದದ್ದು. ಈ ಎರಡೂ ಬೇರೆ ಬೇರೆ ಎಂದು ಈಗ ಗೊತ್ತಾಗಿದೆ. ಮಗಳನ್ನು ಎಡಗೈಯಲ್ಲಿ ಎತ್ತಿಕೊಂಡು ಬೀದಿಯ ತುದಿಯವರೆಗೆ ಹೋಗಿ ಬಂದೆ. ನಾಳೆಯಿಂದ ತೋಟಪ್ಪನವರ ಗೇಟಿಗೆ ಹೋಗುತ್ತೇನೆ, ಗೀಟು ಹಾಕಿಕೊಂಡು ಎಣಿಸುತ್ತೇನೆ. ಗೋಡೆಯ ಮೇಲಿದ್ದ ನಿನ್ನ ಪತ್ರ ಕಿತ್ತೆ. ಹೊಸದನ್ನು ಅಂಟಿಸಲಿಲ್ಲ. ಅದರ ಅಗತ್ಯವಿಲ್ಲ.

ಆ ಕೈ ಸಡಿಲಾಯಿತು ಎಂದು ಬರೆದರೆ ನಿನಗೆ ಹಗುರವಾಗಬಹುದು. ಸಡಿಲಾಗಿಲ್ಲ. ಇನ್ನೂ ಹಿಡಿದೇ ಇದೆ.

ಸಿಟ್ಟು ಬಹಳ ಇದೆ, ಲಿಂಗ್ಯಾ. ಕೈ ಹೋದದ್ದಕ್ಕೆ ಅಷ್ಟಿಲ್ಲ. ಬೀಗವನ್ನು ಕೋತಿಗಳಿಗೆ ಕೊಟ್ಟವರು ನಾವಿಬ್ಬರೂ, ಅದರಲ್ಲಿ ನನ್ನ ಪಾಲೂ ಇದೆ. ಆದರೆ ಆರು ತಿಂಗಳು ನಾನು ನನ್ನ ಮಗಳನ್ನು ಮುಟ್ಟಲು ಹೆದರಿದೆ. ನಾನು ಕೇಳಿದಾಗ ನೀನು ಬಾಳೆಹಣ್ಣಿನ ವಿಷಯ ಬರೆದೆ, ಚಂದ್ರಕಲಾ ಬರೆದದ್ದನ್ನು ಓದಿದ ಮೇಲೂ ಸುಳ್ಳು ಬರೆದೆ. ಅದನ್ನು ಏನು ಮಾಡಬೇಕೋ ನನಗೆ ಇನ್ನೂ ಗೊತ್ತಿಲ್ಲ.

ಬರುವುದಾದರೆ ಬಾ. ಬಾಗಿಲು ಬಡಿದು ಹೊರಗೆ ನಿಲ್ಲು. ನಾನು ಬಂದು ತೆಗೆಯಲು ತಾಸಾಗಬಹುದು, ದಿನವಾಗಬಹುದು, ಅವತ್ತು ತೆಗೆಯದೆಯೂ ಇರಬಹುದು. ಬಸ್ಸಿಗೆ ಹೊತ್ತಾಯಿತು ಎಂದು ಹೊರಡಬೇಡ. ಈ ಸಲವಾದರೂ ಕಾಯಬೇಕು.

ಮಾರೇಶ್